ಲ್ಯಾಬ್ ಬಿಡುವ ಮುನ್ನ: ಯಾವ ಸಂಶೋಧನಾ ಡೇಟಾ ಉಳಿಸಬೇಕು, ಯಾವುದನ್ನು ಅಳಿಸಬಹುದು

ಬೆಂಗಳೂರಿನ ಸಂಶೋಧನಾ ಲ್ಯಾಬುಗಳಲ್ಲಿ ಈ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ. ಪಿಎಚ್‌ಡಿ ಮುಗಿಸಿದವರು ನೋ ಡ್ಯೂಸ್ ಫಾರಂ ಹಿಡಿದು ಸಹಿಗಾಗಿ ಓಡಾಡುವ ವಾರದಲ್ಲಿ. ಲೈಬ್ರರಿ ಪುಸ್ತಕ ವಾಪಸ್ ಬಂತಾ, ಹಾಸ್ಟೆಲ್ ಬಾಕಿ ಕಟ್ಟಿದ್ದಾಯಿತಾ, ಬೀಗದ ಕೈ ಕೊಟ್ಟಾಯಿತಾ ಎಂದೆಲ್ಲ ಕೇಳುವ ಫಾರಂನಲ್ಲಿ ಐದು ವರ್ಷದ ಡೇಟಾ ಎಲ್ಲಿದೆ ಎಂಬ ಕಾಲಂ ಇರುವುದು ಅಪರೂಪ. ಹಾಗಾಗಿ ಎಲ್ಲವನ್ನೂ ಒಂದು 4 ಟಿಬಿ ಹಾರ್ಡ್ ಡಿಸ್ಕಿಗೆ ಸುರಿದು, ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದು, ಗೈಡ್ ಬೀರುವಿನಲ್ಲಿಟ್ಟು ಹೊರಡುತ್ತಾರೆ. ಎರಡು ವರ್ಷ ಕಳೆದ ಮೇಲೆ ಯಾರೋ ರಿವ್ಯೂವರ್ ಮೂಲ ರೀಡಿಂಗ್ ಕೇಳಿದಾಗ ಡಿಸ್ಕ್ ಸಿಗುತ್ತದೆ, ತೆರೆದುಕೊಳ್ಳುತ್ತದೆ ಕೂಡ. ಒಳಗಿರುವ ಲಕ್ಷಾಂತರ ಫೈಲುಗಳಲ್ಲಿ ಯಾವುದು ಯಾವುದೆಂದು ಹೇಳುವವರು ಮಾತ್ರ ಇನ್ನಾವುದೋ ದೇಶದಲ್ಲಿ ಪೋಸ್ಟ್‌ಡಾಕ್ ಮಾಡುತ್ತಿರುತ್ತಾರೆ.

ಇದು ನಮ್ಮೂರಿಗಷ್ಟೇ ಅಂಟಿದ ರೋಗವಲ್ಲ. 2014ರಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನಕ್ಕಾಗಿ 2ರಿಂದ 22 ವರ್ಷ ಹಳೆಯದಾದ 516 ಪೇಪರುಗಳ ಡೇಟಾ ಹುಡುಕಿ ನೋಡಿದ್ದರು. ಡೇಟಾ ಉಳಿದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅನುಪಾತ ವರ್ಷಕ್ಕೆ ಶೇ 17ರಷ್ಟು ಕುಸಿಯುತ್ತಿತ್ತು. ಒಂದೋ ಲೇಖಕರ ಇಮೇಲ್ ಸತ್ತಿತ್ತು, ಇಲ್ಲವೇ ಡೇಟಾ ಈಗ ಓದಲಾಗದ ಮಾಧ್ಯಮದಲ್ಲಿ ಉಳಿದಿತ್ತು. ಆದ್ದರಿಂದ ಆಯ್ಕೆಯ ಕೆಲಸ ಡೇಟಾ ಮಾಡಿದವರು ಎದುರಿಗೆ ಕೂತಿರುವಾಗಲೇ ಆಗಬೇಕು. ಕೆಳಗೆ ಹೇಳುವ ಕ್ರಮದ ಹಿಂದಿರುವುದು ಇದೊಂದೇ ಲೆಕ್ಕ.

ಮೊದಲು ಪಟ್ಟಿ, ಅಳಿಸುವುದು ಕೊನೆಗೆ

ಹೊರಡುವ ದಿನಕ್ಕೆ ಕನಿಷ್ಠ ಆರು ವಾರ ಮುಂಚೆ ಶುರು ಮಾಡಿ. ಮೂವರು ಕೂರಬೇಕು: ಡೇಟಾ ಮಾಡಿದವರು, ಗೈಡ್, ಮತ್ತು ಆ ಕೆಲಸವನ್ನು ಮುಂದುವರಿಸುವ ಜೂನಿಯರ್. ಜೂನಿಯರ್ ಇಲ್ಲದಿದ್ದರೆ ಪಕ್ಕದ ಲ್ಯಾಬಿನವರೊಬ್ಬರಾದರೂ ಆದೀತು. ವಿಷಯ ಗೊತ್ತಿಲ್ಲದವರು ಕೇಳುವ ಪೆದ್ದು ಪ್ರಶ್ನೆಗಳೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು.

ಡೇಟಾ ಎಲ್ಲೆಲ್ಲಿದೆ ಎಂದು ಕೇಳಿದರೆ ಎಲ್ಲರೂ ಲ್ಯಾಬ್ ಸರ್ವರ್, ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಎನ್ನುತ್ತಾರೆ. ಮರೆತುಹೋಗುವ ಜಾಗಗಳು ಬೇರೆ ಇವೆ. ಉಪಕರಣಕ್ಕೆ ಜೋಡಿಸಿರುವ ಹಳೆಯ ಕಂಪ್ಯೂಟರಿನ ಡಿ ಡ್ರೈವ್ ಮೊದಲನೆಯದು. ಅದಕ್ಕೆ ನೆಟ್‌ವರ್ಕ್ ಇರುವುದಿಲ್ಲ, ಜಾಗ ತುಂಬಿದಾಗ ಆಪರೇಟರ್ ಹಳೆಯದನ್ನು ಅಳಿಸುತ್ತಾರೆ, ಅದು ಅವರ ತಪ್ಪೂ ಅಲ್ಲ. ಎರಡನೆಯದು ವಿದ್ಯಾರ್ಥಿಯ ಸ್ವಂತ ಜಿಮೇಲ್ ಖಾತೆಯ ಗೂಗಲ್ ಡ್ರೈವ್. ಸಂಸ್ಥೆಯ ಖಾತೆಯಲ್ಲಿದ್ದರೂ ನಿಶ್ಚಿಂತೆ ಇಲ್ಲ, ಖಾತೆ ಮುಚ್ಚಿದ ದಿನ ಆ ಖಾತೆಯ ಒಡೆತನದ ಫೈಲುಗಳೂ ಹೋಗಬಹುದು. ಹಂಚಿಕೊಂಡ ಲಿಂಕ್ ಇದ್ದ ಮಾತ್ರಕ್ಕೆ ಉಳಿಯುವುದಿಲ್ಲ. ಮೂರನೆಯದು ವಾಟ್ಸ್ಯಾಪ್ ಗ್ರೂಪ್. ಫೀಲ್ಡ್ ಅಸಿಸ್ಟೆಂಟ್ ಕಳಿಸಿದ ಗಿಡದ ಫೋಟೊ, ಮಳೆಮಾಪಕದ ಫೋಟೊ ಅಲ್ಲಿ ಮಾತ್ರ ಇರುತ್ತದೆ. ವಾಟ್ಸ್ಯಾಪ್ ಫೋಟೊವನ್ನು ಕುಗ್ಗಿಸಿ, ಅದರೊಳಗಿನ ಸ್ಥಳ ಮತ್ತು ಸಮಯದ ಮಾಹಿತಿಯನ್ನು ತೆಗೆದುಹಾಕುತ್ತದೆ. ಮೂಲ ಫೋಟೊ ತೆಗೆದ ಫೋನಿನಲ್ಲಿ ಇನ್ನೂ ಇದೆಯೇ ಎಂದು ಇವತ್ತೇ ಕೇಳಿ.

ಪಟ್ಟಿಯಲ್ಲಿ ಫೈಲಿಗೊಂದು ಸಾಲು ಬೇಡ, ಫೋಲ್ಡರಿಗೊಂದು ಸಾಲು ಸಾಕು. ಎಲ್ಲಿದೆ, ಎಷ್ಟು ಜಿಬಿ, ಎಷ್ಟು ಫೈಲು, ಯಾವ ಅವಧಿಯದು, ಥೀಸಿಸ್‌ನ ಯಾವ ಅಧ್ಯಾಯಕ್ಕೆ ಅಥವಾ ಯಾವ ಪೇಪರಿನ ಯಾವ ಚಿತ್ರಕ್ಕೆ ಸೇರಿದ್ದು, ಉಪಕರಣದಿಂದ ನೇರ ಬಂದದ್ದೋ ಅದರಿಂದ ಲೆಕ್ಕ ಹಾಕಿ ಪಡೆದದ್ದೋ, ಮತ್ತೆ ಮಾಡಬಹುದೋ ಇಲ್ಲವೋ. ಕೊನೆಯ ಎರಡು ಕಾಲಂಗಳೇ ತೀರ್ಮಾನ ಮಾಡುವುದು. ಅರವತ್ತು ಎಪ್ಪತ್ತು ಸಾಲಿಗಿಂತ ಹೆಚ್ಚಾದರೆ ಫೋಲ್ಡರುಗಳನ್ನು ತೀರಾ ಸಣ್ಣದಾಗಿ ಒಡೆದಿದ್ದೀರಿ ಎಂದು ಅರ್ಥ.

ನಿಮ್ಮ ಕೈಯಲ್ಲಿಲ್ಲದ ತೀರ್ಮಾನಗಳು

ಕೆಲವು ಸಾಲುಗಳ ಮೇಲೆ ಚರ್ಚೆಯೇ ಬೇಡ, ನಿಯಮ ಮೊದಲೇ ಹೇಳಿಬಿಟ್ಟಿರುತ್ತದೆ. ಅವನ್ನು ಮೊದಲು ಗುರುತು ಹಾಕಿ ಪಕ್ಕಕ್ಕಿಡಿ.

ಸರ್ಕಾರಿ ಹಣದಿಂದ ಹುಟ್ಟಿದ, ಗುಟ್ಟಿನದಲ್ಲದ ಡೇಟಾ ಹಂಚಿಕೆಗೆ ಸಿಗಬೇಕೆಂದು 2012ರ ರಾಷ್ಟ್ರೀಯ ಡೇಟಾ ಹಂಚಿಕೆ ನೀತಿ ಹೇಳುತ್ತದೆ. ಜೈವಿಕ ಡೇಟಾಗೆ 2021ರ ಬಯೋಟೆಕ್-ಪ್ರೈಡ್ ಮಾರ್ಗಸೂಚಿ ಇದೆ. ಅದಕ್ಕೆಂದೇ ಫರೀದಾಬಾದಿನಲ್ಲಿ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್ 2022ರಲ್ಲಿ ಉದ್ಘಾಟನೆಯಾಯಿತು. ನಿಮ್ಮ ಪ್ರಾಜೆಕ್ಟಿನ ಸ್ಯಾಂಕ್ಷನ್ ಲೆಟರ್ ತೆಗೆದು ಓದಿ, ಷರತ್ತು ಅದರ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಔಷಧ ಪರೀಕ್ಷೆಗಳಲ್ಲಿ ಎಥಿಕ್ಸ್ ಕಮಿಟಿಯ ದಾಖಲೆಗಳನ್ನು ಟ್ರಯಲ್ ಮುಗಿದ ಮೇಲೆ 5 ವರ್ಷ ಇಡಬೇಕೆಂದು 2019ರ ನಿಯಮಗಳಿವೆ. ಪೇಟೆಂಟ್ ಅರ್ಜಿ ಹಾಕಿದ ಕೆಲಸವಾದರೆ ಅದರ ಲ್ಯಾಬ್ ನೋಟ್‌ಬುಕ್ಕನ್ನು ಪೇಟೆಂಟಿನ ಪೂರ್ತಿ ಅವಧಿ, ಎಂದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ, ಇಟ್ಟುಕೊಳ್ಳುವುದು ಕ್ಷೇಮ. ಇವೇನೂ ಅನ್ವಯಿಸದೆ, ಸಂಸ್ಥೆಯದೇ ನಿಯಮವೂ ಇಲ್ಲದಿದ್ದರೆ, ಪೇಪರ್ ಪ್ರಕಟವಾದ ದಿನದಿಂದ 10 ವರ್ಷ ಎಂದು ಹಿಡಿಯಿರಿ. ಜರ್ಮನಿಯ ಸಂಶೋಧನಾ ಪ್ರತಿಷ್ಠಾನ ಕೇಳುವುದೂ ಸಾಮಾನ್ಯವಾಗಿ ಅಷ್ಟೇ.

ಮನುಷ್ಯರ ಡೇಟಾ ವಿಷಯದಲ್ಲಿ ನಿಯಮ ಎರಡೂ ಕಡೆ ಎಳೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಸಂಶೋಧನೆಗೆ, ಆರ್ಕೈವ್ ಮಾಡುವುದಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಆ ಡೇಟಾ ಬಳಸಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡುವಂತಿಲ್ಲ, ನಿಗದಿಪಡಿಸಿದ ಮಾನದಂಡ ಪಾಲಿಸಬೇಕು. ಇದೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಒಪ್ಪಿಗೆ ಪತ್ರ. "ಅಧ್ಯಯನ ಮುಗಿದ ಮೇಲೆ ಧ್ವನಿಮುದ್ರಣ ಅಳಿಸುತ್ತೇವೆ" ಎಂದು ಬರೆದು ಸಹಿ ಹಾಕಿಸಿಕೊಂಡಿದ್ದರೆ ಅಳಿಸಲೇಬೇಕು, ಅದು ಎಷ್ಟೇ ಅಮೂಲ್ಯವಾಗಿರಲಿ. ಕನ್ನಡದಲ್ಲಿ ಓದಿ ಹೇಳಿದ ಪತ್ರಕ್ಕೂ ಇಂಗ್ಲಿಷ್ ಪತ್ರಕ್ಕೂ ವ್ಯತ್ಯಾಸವಿದ್ದರೆ, ಆ ಮನುಷ್ಯರಿಗೆ ಅರ್ಥವಾದದ್ದು ಕನ್ನಡದ್ದು ಎಂಬುದನ್ನು ಮರೆಯಬೇಡಿ.

ಮತ್ತೆ ಮಾಡಬಹುದೇ?

ಉಳಿದ ಸಾಲುಗಳಿಗೆಲ್ಲ ಕೇಳಬೇಕಾದ ದೊಡ್ಡ ಪ್ರಶ್ನೆ ಇದು. ಇಷ್ಟೆಲ್ಲ ಕಳೆದುಹೋದರೆ ಮತ್ತೆ ಪಡೆಯಲು ಸಾಧ್ಯವೇ, ಸಾಧ್ಯವಿದ್ದರೆ ಎಷ್ಟು ದಿನ, ಎಷ್ಟು ದುಡ್ಡು?

ಒಂದು ಜಾಗದಲ್ಲಿ ಒಂದು ಹೊತ್ತಿನಲ್ಲಿ ನೋಡಿದ್ದನ್ನು ಮತ್ತೆ ನೋಡಲಾಗುವುದಿಲ್ಲ. ಕೆರೆಯ ನೀರು, ಮಳೆ, ಹಕ್ಕಿ ಎಣಿಕೆ, ಭೂಕಂಪ, ಆಕಾಶ ಎಲ್ಲ ಈ ಗುಂಪಿಗೆ ಸೇರುತ್ತವೆ. ಕೊಡೈಕೆನಾಲ್ ಸೌರ ವೀಕ್ಷಣಾಲಯದಲ್ಲಿ 20ನೇ ಶತಮಾನದ ಮೊದಲ ದಶಕದಿಂದ ಸೂರ್ಯನ ಚಿತ್ರಗಳನ್ನು ಗಾಜಿನ ಫಲಕ, ಫಿಲ್ಮುಗಳ ಮೇಲೆ ತೆಗೆದು ಇಟ್ಟುಕೊಂಡು ಬಂದರು. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಈಗ ಅವನ್ನು ಡಿಜಿಟಲ್ ಮಾಡಿದೆ, ಸುಮಾರು ಹತ್ತು ಸೌರಚಕ್ರಗಳನ್ನು (ಸೂರ್ಯನ ಚಟುವಟಿಕೆಯ ಸುಮಾರು 11 ವರ್ಷದ ಏರಿಳಿತ) ಅಳೆಯಲು ಅದೇ ಆಧಾರ. ಮೊದಮೊದಲ ಫಲಕ ತೊಳೆದು ಒಣಗಿಸಿಟ್ಟವರಿಗೆ ಕಂಪ್ಯೂಟರ್ ಎಂದರೇನೆಂದೇ ಗೊತ್ತಿರಲಿಲ್ಲ. ಇನ್ನೊಂದು ಕಡೆ, ಅಪೋಲೊ 11ರ ಮೂಲ ಟೆಲಿಮೆಟ್ರಿ (ನೌಕೆಯಿಂದ ಬಂದ ಸಂಕೇತಗಳ) ಟೇಪುಗಳನ್ನು ಹುಡುಕಿದ ನಾಸಾ, ಟೇಪಿನ ಕೊರತೆಯಿದ್ದ ಕಾಲದಲ್ಲಿ ಅವನ್ನು ಅಳಿಸಿ ಮತ್ತೆ ಬಳಸಿರಬೇಕೆಂದು 2009ರಲ್ಲಿ ಹೇಳಬೇಕಾಯಿತು.

ಸರಣಿ ಡೇಟಾದಲ್ಲಿ ನಡುವಿನ ಒಂದು ಕೊಂಡಿಯ ಬೆಲೆ ಅದರದಷ್ಟೇ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೈ ಕಾಡಿನಲ್ಲಿ ಗುರುತು ಮಾಡಿದ 50 ಹೆಕ್ಟೇರ್ ಪ್ಲಾಟಿನಲ್ಲಿ ಮರಮರಕ್ಕೂ ನಂಬರ್ ಇದೆ. ಅಂಥ ಕಡೆ ಒಂದು ವರ್ಷದ ಫೀಲ್ಡ್ ಶೀಟ್ ಹೋದರೆ ಯಾವ ಮರ ಯಾವಾಗ ಸತ್ತಿತು ಎಂಬ ಲೆಕ್ಕವೇ ಮಸುಕಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ರಾಗಿಯ ಮೇಲೆ ನಡೆಯುವ ದೀರ್ಘಾವಧಿ ಗೊಬ್ಬರ ಪ್ರಯೋಗಗಳಿಗೂ ಇದೇ ಮಾತು. ಸರಣಿಗೆ ಸೇರಿದ್ದು ಎಷ್ಟೇ ಕಳಪೆಯಾಗಿ ಕಂಡರೂ ಇಡಿ.

ಸಿಮ್ಯುಲೇಶನ್ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಟಿಬಿಗಟ್ಟಲೆ ಔಟ್‌ಪುಟ್ ಇಡುವುದಕ್ಕಿಂತ ಕೋಡ್, ಇನ್‌ಪುಟ್ ಫೈಲು, ಲೈಬ್ರರಿಗಳ ವರ್ಶನ್ ನಂಬರ್, ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಸೀಡ್ ಸಂಖ್ಯೆ ಇಷ್ಟನ್ನು ಇಟ್ಟರೆ ಸಾಕು. ಇವೆಲ್ಲ ಸೇರಿ ಹತ್ತಿಪ್ಪತ್ತು ಎಂಬಿ ಆದೀತು. ಆದರೆ ಆ ಓಟಕ್ಕೆ ಸೂಪರ್‌ಕಂಪ್ಯೂಟರಿನಲ್ಲಿ ಮೂರು ತಿಂಗಳ ಸರದಿ ಹಿಡಿದಿದ್ದರೆ ಔಟ್‌ಪುಟ್ಟನ್ನೂ ಇಡಬೇಕಾಗುತ್ತದೆ. ಪ್ರತಿ ಹೆಜ್ಜೆಯ ಸ್ನ್ಯಾಪ್‌ಶಾಟ್ ಬೇಡ, ಹತ್ತಕ್ಕೊಂದು ಸಾಕು.

ಲ್ಯಾಬ್ ಪ್ರಯೋಗಗಳು ಇವೆರಡರ ನಡುವೆ ಬರುತ್ತವೆ. ಇಲ್ಲಿ ಲೆಕ್ಕ ಹಾಕಿಯೇ ನೋಡಿ. ಮೂರು ಪ್ರತಿಗಳಲ್ಲಿ 10 ವರ್ಷ ಇಡಬೇಕು, ಡಿಸ್ಕನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು ಎಂದರೆ ಒಟ್ಟು ಆರು ಡಿಸ್ಕ್ ಕೊಳ್ಳಬೇಕು. ಎಸ್.ಪಿ. ರಸ್ತೆಯಲ್ಲಿ ಇವತ್ತಿನ ಬೆಲೆ ಕೇಳಿ, ಆರರಿಂದ ಗುಣಿಸಿ. ಪ್ರತಿ ವರ್ಷ ಯಾರಾದರೂ ಅರ್ಧ ದಿನ ಕೂತು ಪರೀಕ್ಷಿಸುವ ಸಂಬಳವನ್ನೂ ಸೇರಿಸಿ. ಪ್ರಯೋಗವನ್ನು ಮತ್ತೆ ಮಾಡುವ ಕೆಮಿಕಲ್, ಉಪಕರಣದ ಗಂಟೆ ಬಾಡಿಗೆ, ಕೈಕೆಲಸ ಇದಕ್ಕಿಂತ ಕಡಿಮೆ ಬಿದ್ದರೆ, ಮತ್ತು ಅದು ಯಾವ ಪೇಪರಿಗೂ ಆಧಾರವಲ್ಲದಿದ್ದರೆ, ಬಿಡಬಹುದು. ಪೇಪರಿಗೆ ಆಧಾರವಾಗಿದ್ದರೆ ಈ ಲೆಕ್ಕವೇ ಬೇಡ, ಇಡಿ.

ಬೇರೆಯವರು ಕಾಪಾಡುತ್ತಿರುವುದನ್ನು ನೀವೂ ಕಾಪಾಡುವ ಅಗತ್ಯವಿಲ್ಲ. ಆಸ್ಟ್ರೋಸ್ಯಾಟ್ ಉಪಗ್ರಹದ ಡೇಟಾ ಇಸ್ರೋದ ಬ್ಯಾಲಾಳು ಕೇಂದ್ರದಲ್ಲಿದೆ, ಪ್ರೋಟೀನ್ ರಚನೆಗಳು ಪಿಡಿಬಿಯಲ್ಲಿವೆ (ಪ್ರೋಟೀನ್ ಡೇಟಾ ಬ್ಯಾಂಕ್). ಇಳಿಸಿಕೊಂಡ ಪ್ರತಿಯನ್ನು ಅಳಿಸಿ. ಐಡಿ, ವರ್ಶನ್, ಇಳಿಸಿಕೊಂಡ ದಿನಾಂಕ ಮಾತ್ರ ಬರೆದಿಡಿ. ಕೆಲವು ಇಲಾಖೆಗಳ ಜಾಲತಾಣದಲ್ಲಿ ಮಾತ್ರ ವರ್ಶನ್ ಎಂಬುದೇ ಇರುವುದಿಲ್ಲ, ಹಳೆಯ ಅಂಕಿಯನ್ನು ಸದ್ದಿಲ್ಲದೆ ತಿದ್ದುತ್ತಾರೆ, ಪುಟವೇ ಮಾಯವಾಗುತ್ತದೆ. ಅಲ್ಲಿಂದ ತಂದದ್ದರಲ್ಲಿ ನೀವು ಬಳಸಿದ ಭಾಗವನ್ನು ಇಟ್ಟುಕೊಳ್ಳಿ.

ಒಂದು ಫೈಲನ್ನು ಹತ್ತಿರದಿಂದ

ಮತ್ತೆ ಮಾಡಲಾಗದ್ದೆಲ್ಲ ಉಳಿಸಲು ಯೋಗ್ಯ ಎಂದೇನೂ ಅಲ್ಲ. ಅರ್ಥವಾಗದ ಅಂಕಿಯನ್ನು ಇಟ್ಟು ಫಲವಿಲ್ಲ. ಒಂದು ಉದಾಹರಣೆ ನೋಡೋಣ. ಜಕ್ಕೂರು ಕೆರೆಯಲ್ಲಿ ಮೂರು ಜಾಗಗಳಿಂದ ತಿಂಗಳಿಗೆ ಎರಡು ಸಲ ನೀರು ತಂದು ಎರಡು ವರ್ಷ ಅಳೆದ ಎಕ್ಸೆಲ್ ಶೀಟ್ ಇದೆ ಎಂದಿಟ್ಟುಕೊಳ್ಳಿ. 144 ಸಾಲು, 40 ಕೆಬಿ. ಪಕ್ಕದ ಫೋಲ್ಡರಿನಲ್ಲಿ ಅದೇ ಕೆರೆಯ ಮೇಲೆ ಹಾರಿಸಿದ ಡ್ರೋನಿನ 600 ಜಿಬಿ ವಿಡಿಯೊ. ಡಿಸ್ಕ್ ತುಂಬಿದೆ ಎಂದು ಗಲಾಟೆಯಾಗುವುದು ವಿಡಿಯೊದಿಂದ; ಕೂತು ಯೋಚಿಸಬೇಕಾದದ್ದು ಶೀಟಿನ ಬಗ್ಗೆ.

ಕಾಲಂಗಳು ಹೀಗಿವೆ: ದಿನಾಂಕ, ಜಾಗ, ಡಿಒ, ಟೆಂಪ್, ಎನ್, ರಿಮಾರ್ಕ್ಸ್. "03/04" ಎಂದರೆ ಏಪ್ರಿಲ್ 3ನೇ ತಾರೀಕೋ, ಮಾರ್ಚ್ 4ನೇ ತಾರೀಕೋ? ಲ್ಯಾಪ್‌ಟಾಪಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಎಕ್ಸೆಲ್ ತನ್ನ ಪಾಡಿಗೆ ತಿರುಗಿಸಿಬಿಟ್ಟಿರುತ್ತದೆ. ಜಾಗ ಎ, ಬಿ, ಸಿ ಎಂದರೆ ಒಳಹರಿವೋ, ಜೌಗು ಭಾಗ ದಾಟಿದ ಮೇಲೋ, ಕೋಡಿಯೋ? "ಎನ್" ಎಂದರೆ ನೈಟ್ರೇಟ್ ಇರಬೇಕು, ಸರಿ. ಆದರೆ ಪೂರ್ತಿ ನೈಟ್ರೇಟ್ ಅಯಾನಿನ ತೂಕವೋ, ಅದರೊಳಗಿನ ನೈಟ್ರೋಜನ್ ತೂಕವೋ? ಎರಡರ ನಡುವೆ 4.43 ಪಟ್ಟು ವ್ಯತ್ಯಾಸ. ಕೆಲವು ಕಡೆ 0, ಕೆಲವು ಕಡೆ ಖಾಲಿ, ಕೆಲವು ಕಡೆ "ಬಿಡಿಎಲ್". ಬಿಡಿಎಲ್ ಎಂದರೆ ಉಪಕರಣದ ಅಳತೆಗೆ ಸಿಗದಷ್ಟು ಕಡಿಮೆ, ಆ ಮಿತಿ ಎಷ್ಟೆಂದು ಎಲ್ಲೂ ಇಲ್ಲ. ಖಾಲಿ ಎಂದರೆ ಅಳೆಯಲೇ ಇಲ್ಲ. ಹಾಗಾದರೆ 0 ಏನು? ಏಳು ಚೌಕಗಳಿಗೆ ಹಳದಿ ಬಣ್ಣ ಬೇರೆ. ಈ ಪ್ರಶ್ನೆಗಳಿಗೆಲ್ಲ ಮಾಡಿದವರು ಪಕ್ಕದಲ್ಲಿದ್ದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅವರು ಹೋದ ಮೇಲೆ ಸಿಗುವುದೇ ಇಲ್ಲ.

ಡಿಒ, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕ, ಇನ್ನೂ ಸೂಕ್ಷ್ಮ. ಸಮುದ್ರ ಮಟ್ಟದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಇಲ್ಲಿ ಅದು 7.4ರ ಆಸುಪಾಸು. ಮೀಟರನ್ನು ಕ್ಯಾಲಿಬ್ರೇಟ್ ಮಾಡುವಾಗ (ಗೊತ್ತಿರುವ ಅಳತೆಗೆ ಹೊಂದಿಸುವಾಗ) ಎತ್ತರದ ತಿದ್ದುಪಡಿ ಹಾಕದಿದ್ದರೆ ಎರಡೂ ವರ್ಷದ ಎಲ್ಲ ರೀಡಿಂಗ್ ಹೆಚ್ಚುಕಡಿಮೆ ಶೇ 10ರಷ್ಟು ಮೇಲೆ ನಿಲ್ಲುತ್ತದೆ. ಹಾಕಿದ್ದರೋ ಇಲ್ಲವೋ ಎಂಬುದು ಲ್ಯಾಬ್ ನೋಟ್‌ಬುಕ್ಕಿನ ಒಂದೇ ಒಂದು ಪುಟದಲ್ಲಿರುತ್ತದೆ. ಜತೆಗೆ ಗಂಟೆ ಬೇಕು: ಪಾಚಿ ತುಂಬಿದ ಕೆರೆಯಲ್ಲಿ ನಸುಕಿಗೆ ಡಿಒ ನೆಲ ಕಚ್ಚಿರುತ್ತದೆ, ಮಧ್ಯಾಹ್ನ ಸ್ಯಾಚುರೇಶನ್, ಎಂದರೆ ನೀರು ಸಹಜವಾಗಿ ಹಿಡಿಯುವ ಮಟ್ಟ, ದಾಟಿರುತ್ತದೆ. ಗಂಟೆ ಬರೆಯದ ಡಿಒ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ.

ತೀರ್ಮಾನ ಹೀಗೆ ಮಾಡಿ. ಕ್ಯಾಲಿಬ್ರೇಶನ್ ಪುಟ ಸಿಕ್ಕರೆ ಅದನ್ನು ಸ್ಕ್ಯಾನ್ ಮಾಡಿ ಶೀಟಿನ ಜತೆಗೇ ಇಡಿ, ಈ 40 ಕೆಬಿ ಆ ಡಿಸ್ಕಿನಲ್ಲೇ ಬೆಲೆಬಾಳುವ ಫೈಲು. ಪುಟ ಸಿಗದಿದ್ದರೆ ಶೀಟನ್ನು ಆಗಲೂ ಇಡಿ, ಆದರೆ "ಡಿಒ ಅಂಕಿಗಳನ್ನು ಬೇರೆ ಅಧ್ಯಯನದ ಅಂಕಿಗಳ ಜತೆ ಹೋಲಿಸಬೇಡಿ, ಒಂದೇ ದಿನ, ಒಂದೇ ಮೀಟರಿನಲ್ಲಿ ಅಳೆದ ಮೂರು ಜಾಗಗಳ ಅನುಪಾತ ಮಾತ್ರ ನಂಬಬಹುದು" ಎಂದು ಟಿಪ್ಪಣಿ ಬರೆಯಿರಿ. ಡ್ರೋನಿನ ಫೋಲ್ಡರಿನಿಂದ ನಕ್ಷೆ ಮಾಡಲು ಬಳಸಿದ, ಜಿಪಿಎಸ್ ಇರುವ ಮೂಲ ಸ್ಥಿರಚಿತ್ರಗಳನ್ನೂ ಸಿದ್ಧವಾದ ನಕ್ಷೆಯನ್ನೂ ಇಟ್ಟುಕೊಂಡು ವಿಡಿಯೊ ಬಿಡಿ. ನೋಡಲು ಚೆನ್ನಾಗಿದೆ ಎಂಬ ಕಾರಣಕ್ಕೆ ಅದನ್ನು ಉಳಿಸುವವರೇ ಹೆಚ್ಚು.

ಪ್ರತಿ ಫೋಲ್ಡರಿಗೂ ಇಂಥದೊಂದು ಪರೀಕ್ಷೆ ಸಾಕು: ವಿಷಯ ಗೊತ್ತಿಲ್ಲದ ಜೂನಿಯರ್‌ಗೆ ಫೋಲ್ಡರ್ ಕೊಟ್ಟು 30 ನಿಮಿಷ ಬಿಡಿ. ಕಾಲಂ, ಏಕಮಾನ, ಜಾಗ, ಖಾಲಿ ಚೌಕ ಇವುಗಳ ಅರ್ಥ ಹೇಳಲು ಅವರಿಗೆ ಆಗದಿದ್ದರೆ ಅಲ್ಲಿ ರೀಡ್‌ಮೀ ಫೈಲು ಬೇಕು. ಸರಳ ಟೆಕ್ಸ್ಟ್ ಫೈಲು, ಒಂದು ಪುಟ ಸಾಕು. ಅವರು ಕೇಳಿದ ಪ್ರಶ್ನೆಗಳನ್ನೇ ಕೇಳಿದ ಕ್ರಮದಲ್ಲಿ ಉತ್ತರ ಸಮೇತ ಬರೆದರೆ ಒಳ್ಳೆಯ ರೀಡ್‌ಮೀ ತಾನಾಗಿ ಆಗುತ್ತದೆ.

ಯಾವ ಕ್ಷೇತ್ರದಲ್ಲಿ ಯಾವ ಹಂತ

ಡಿಎನ್‌ಎ ಸೀಕ್ವೆನ್ಸಿಂಗ್‌ನಲ್ಲಿ ಯಂತ್ರದ ಕಚ್ಚಾ ಬಿಸಿಎಲ್ ಫೈಲುಗಳಿಂದ ಫಾಸ್ಟ್‌ಕ್ಯೂ (ಓದಿದ ಡಿಎನ್‌ಎ ತುಣುಕುಗಳು), ಅದರಿಂದ ಬ್ಯಾಮ್ (ಆ ತುಣುಕುಗಳನ್ನು ರೆಫರೆನ್ಸ್ ಜೀನೋಮಿಗೆ ಹೊಂದಿಸಿದ್ದು), ಅದರಿಂದ ವಿಸಿಎಫ್ (ಕಂಡ ವ್ಯತ್ಯಾಸಗಳ ಪಟ್ಟಿ) ಬರುತ್ತದೆ. ಸ್ಯಾಂಪಲ್‌ವಾರು ವಿಂಗಡಣೆ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಬಿಸಿಎಲ್ ಬಿಡಿ. ಫಾಸ್ಟ್‌ಕ್ಯೂ ಇಡಿ, ವಿಸಿಎಫ್ ಇಡಿ. ಬ್ಯಾಮ್ ಮತ್ತೆ ಮಾಡಬಹುದಾದ್ದು. ಇಡಲೇಬೇಕೆಂದರೆ ಅದರ ಇನ್ನೂ ಕುಗ್ಗಿಸಿದ ರೂಪವಾದ ಕ್ರ್ಯಾಮ್‌ಗೆ ಬದಲಿಸಿ, ಜಾಗ ಉಳಿಯುತ್ತದೆ. ಆದರೆ ಯಾವ ರೆಫರೆನ್ಸ್ ಜೀನೋಮ್ ಬಳಸಿದಿರಿ ಎಂಬುದು ಕಳೆದರೆ ಕ್ರ್ಯಾಮ್ ಬಿಚ್ಚಿಕೊಳ್ಳುವುದೇ ಇಲ್ಲ.

ಮೈಕ್ರೋಸ್ಕೋಪಿನ ಮೂಲ ಫೈಲನ್ನು, ಅದು ಕಂಪನಿಯ ಸ್ವಂತ ಫಾರ್ಮ್ಯಾಟ್ ಆಗಿದ್ದರೂ, ಎಸೆಯಬೇಡಿ. ಪಿಕ್ಸೆಲ್ ಅಳತೆ, ಲೇಸರ್ ಶಕ್ತಿ, ಎಕ್ಸ್‌ಪೋಶರ್ ಅದರೊಳಗಿರುತ್ತದೆ. ಜತೆಗೆ ಎಲ್ಲರೂ ತೆರೆಯಬಹುದಾದ ಒಎಂಇ-ಟಿಫ್ ಫಾರ್ಮ್ಯಾಟಿನಲ್ಲೂ ಒಂದು ಪ್ರತಿ ಮಾಡಿ. ಜೆಪೆಗ್ ಮಾತ್ರ ಉಳಿದಿದ್ದರೆ ಅದು ಡೇಟಾ ಅಲ್ಲ, ಬರೀ ಚಿತ್ರ. ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್ ಚಿತ್ರ ಆದರೆ ಕತ್ತರಿಸದ ಪೂರ್ತಿ ಬ್ಲಾಟ್ ಇಡಿ, ಪತ್ರಿಕೆಗಳು ಅದನ್ನೇ ಕೇಳುತ್ತವೆ. ಅಣುರಚನೆ ತಿಳಿಯುವ ಎನ್‌ಎಂಆರ್‌ನಲ್ಲಿ ಪಿಡಿಎಫ್ ಗ್ರಾಫ್ ಅಲ್ಲ, ಎಫ್‌ಐಡಿ (ಉಪಕರಣ ಹಿಡಿದ ಮೂಲ ಸಂಕೇತ) ಇರುವ ಪೂರ್ತಿ ಫೋಲ್ಡರ್ ಇಡಿ.

ಚೆನ್ನಾಗಿ ಬರದ ಫಲಿತಾಂಶ ಮತ್ತು ತಪ್ಪು ಡೇಟಾ ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಔಷಧಿ ಕೆಲಸ ಮಾಡಲಿಲ್ಲ ಎಂಬುದು ಫಲಿತಾಂಶ, ಅದನ್ನು ಉಳಿಸಬೇಕು. ಲ್ಯಾಂಪ್ ಕೆಟ್ಟಿದ್ದಾಗ ತೆಗೆದ ರೀಡಿಂಗ್ ಕಸ. ಅದನ್ನು ಎಸೆದು, ಯಾವ ದಿನದಿಂದ ಯಾವ ದಿನದವರೆಗಿನದು, ಏಕೆ ಎಸೆದದ್ದು ಎಂದು ಒಂದು ಸಾಲು ಬರೆಯಿರಿ. ಆ ಸಾಲು ಇಲ್ಲದಿದ್ದರೆ ಬೇಡದ ಫಲಿತಾಂಶ ಅಡಗಿಸಿದಿರಿ ಎಂಬ ಅನುಮಾನಕ್ಕೆ ಉತ್ತರವಿರುವುದಿಲ್ಲ.

ಇಡುವ ಮುಂಚೆ ಮಾಡುವ ರಿಪೇರಿ

ಎಕ್ಸೆಲ್ ಶೀಟುಗಳನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಟೆಕ್ಸ್ಟ್) ಮಾಡಿ, ಮೂಲವನ್ನೂ ಇಡಿ. ಬಣ್ಣದಲ್ಲಿ ಹೇಳಿದ್ದೆಲ್ಲ ಸಿಎಸ್‌ವಿಯಲ್ಲಿ ಹೋಗುತ್ತದೆ, ಅದಕ್ಕೆ ಮೊದಲೇ ಒಂದು ಕಾಲಂ ಸೇರಿಸಿ ಅಕ್ಷರದಲ್ಲಿ ಬರೆಯಿರಿ. ಎಕ್ಸೆಲ್ "ಸೆಪ್ಟ್2" ಎಂಬ ಜೀನ್ ಹೆಸರನ್ನು ಸೆಪ್ಟೆಂಬರ್ 2 ಎಂದು ತಿರುಚುತ್ತಿದ್ದ ಕಾಟಕ್ಕೆ ಮಣಿದು 2020ರಲ್ಲಿ ಅಂಥ ಜೀನುಗಳ ಅಧಿಕೃತ ಹೆಸರನ್ನೇ ಬದಲಿಸಿದರು. ಹಳೆಯ ಶೀಟುಗಳಲ್ಲಿ ಆ ತಪ್ಪು ಇನ್ನೂ ಕೂತಿದೆ. ಹಳೆಯ ಎಕ್ಸ್‌ಎಲ್‌ಎಸ್ ಫಾರ್ಮ್ಯಾಟ್ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ವರದಿಯಿಂದ ತಪ್ಪಿಹೋದದ್ದು ಇದರಿಂದಲೇ. ನಿಮ್ಮ ಶೀಟು ಸರಿಯಾಗಿ ಆ ಸಂಖ್ಯೆಗೆ ನಿಂತಿದ್ದರೆ ಮೂಲ ಹುಡುಕಿ.

ನಮ್ಮ ಕಡೆಯ ವಿಶೇಷ ತೊಂದರೆ ಒಂದಿದೆ. ಹಳ್ಳಿಗಳಲ್ಲಿ ಮಾಡಿದ ಹಳೆಯ ಸಮೀಕ್ಷೆಗಳನ್ನು ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಊರ ಹೆಸರು, ಬೆಳೆಯ ಹೆಸರು, ರೈತರ ಮಾತು ಎಲ್ಲ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಮುಂದೆ ಯಾರೋ ಫೈಲು ಕೆಟ್ಟಿದೆ ಎಂದು ಅಳಿಸುತ್ತಾರೆ. ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಕೆಡುವುದು ಹೆಚ್ಚು, ಅವನ್ನು ಕಣ್ಣಿಟ್ಟು ನೋಡಿ. ಮೂಲ ಫೈಲು ಮತ್ತು ಆ ಫಾಂಟಿನ ಹೆಸರನ್ನೂ ಜತೆಗಿಡಿ.

ಸ್ಥಳದ ಮಾಹಿತಿ ಇರುವ ಡೇಟಾವನ್ನು ಸಾರ್ವಜನಿಕ ಆರ್ಕೈವಿಗೆ ಹಾಕುವ ಮುನ್ನ ಒಮ್ಮೆ ಕಳ್ಳರ ಕಣ್ಣಿನಿಂದ ನೋಡಿ. ಕ್ಯಾಂಪಸ್ಸಿನ ಗಂಧದ ಮರಗಳ ಜಿಪಿಎಸ್ ಪಟ್ಟಿ ಪ್ರಕಟಿಸಿದರೆ ಗರಗಸಕ್ಕೆ ದಾರಿ ತೋರಿಸಿದಂತೆ. ಅಕ್ಷಾಂಶ ರೇಖಾಂಶಗಳನ್ನು ಒಂದೇ ದಶಮಾಂಶಕ್ಕೆ ಇಳಿಸಿದರೆ ಜಾಗ ಸುಮಾರು 11 ಕಿ.ಮೀ. ಮಟ್ಟಿಗೆ ಮಸುಕಾಗುತ್ತದೆ. ನಿಖರ ಪ್ರತಿ ಒಳಗಿರಲಿ. ಕಾಡುಪಾಪ, ಅಪರೂಪದ ಆರ್ಕಿಡ್ ಇವಕ್ಕೂ ಹೀಗೇ ಮಾಡಿ.

ಅಳಿಸುವುದು

ಒಂದೇ ಫೈಲಿನ ಹಲವು ಪ್ರತಿಗಳನ್ನು ಹೆಸರು ನೋಡಿ ಗುರುತಿಸಬೇಡಿ, ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ನೋಡಿ. "ಫೈನಲ್", "ಫೈನಲ್2", "ಫೈನಲ್_ಸರ್_ಹೇಳಿದ್ದು" ಮೂರೂ ಬೇರೆ ಬೇರೆ ಇರಬಹುದು. ಬೇರೆ ಹೆಸರಿನ ಐದು ಫೈಲು ಒಂದೇ ಇರಬಹುದು. ಎಸ್‌ಎಚ್‌ಎ-256 ಚೆಕ್‌ಸಮ್ 64 ಅಕ್ಷರ ಅಂಕಿಗಳ ಸಾಲು. ಎರಡು ಫೈಲಿಗೂ ಅದೇ ಬಂದರೆ ಎರಡೂ ಒಂದೇ ಎಂದು ಧೈರ್ಯವಾಗಿ ಹೇಳಬಹುದು. ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಇದಕ್ಕೆ ಬೇಕಾದ ಕಮಾಂಡ್ ಮೊದಲೇ ಇರುತ್ತದೆ.

ಬೇಡ ಎಂದು ತೀರ್ಮಾನಿಸಿದ್ದನ್ನು ಅವತ್ತೇ ಅಳಿಸಬೇಡಿ. "ಹೋಗುವುದು" ಎಂಬ ಫೋಲ್ಡರಿಗೆ ಹಾಕಿ, 90 ದಿನ ಬಿಡಿ, ಆಮೇಲೆ ಇಬ್ಬರ ಒಪ್ಪಿಗೆಯಿಂದ ಅಳಿಸಿ. ಏನು, ಎಷ್ಟು, ಯಾವಾಗ, ಏಕೆ, ಯಾರು ಎಂದು ಒಂದು ಸಾಲು ದಾಖಲಿಸಿ. ಸ್ಕ್ರಿಪ್ಟ್ ಬರೆದು ಅಳಿಸುವವರು ಮೊದಲು ಪಟ್ಟಿಯನ್ನು ಮಾತ್ರ ಮುದ್ರಿಸುವಂತೆ ಓಡಿಸಿ ನೋಡಬೇಕು. 2021ರ ಡಿಸೆಂಬರಿನಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದನ್ನು ಬದಲಿಸಿದ್ದರಿಂದ ಸುಮಾರು 77 ಟಿಬಿ, 3.4 ಕೋಟಿ ಫೈಲು ಅಳಿಸಿಹೋದವು.

ಎಲ್ಲಿ ಇಡುವುದು

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ಬೇರೆ ಕಟ್ಟಡದಲ್ಲಿ. ಮೇಲಿನ ಮಹಡಿಯ ಪೈಪ್ ಒಡೆದರೆ ಒಂದೇ ಬೀರುವಿನ ಮೂರು ಡಿಸ್ಕೂ ಒಟ್ಟಿಗೇ ನೆನೆಯುತ್ತವೆ. ಪೆನ್‌ಡ್ರೈವ್, ಎಸ್‌ಎಸ್‌ಡಿ ಆರ್ಕೈವಿಗೆ ಆಗುವುದಿಲ್ಲ, ಕರೆಂಟ್ ಕೊಡದೆ ವರ್ಷಗಟ್ಟಲೆ ಬಿಟ್ಟರೆ ಚಾರ್ಜ್ ಸೋರಿ ಡೇಟಾ ಕೆಡಬಹುದು. ಹತ್ತಾರು ಟಿಬಿ ಇರುವವರಿಗೆ ಎಲ್‌ಟಿಒ ಎಂಬ ಮ್ಯಾಗ್ನೆಟಿಕ್ ಟೇಪ್ ವಾಸಿ: ಅದರ ಎಂಟನೇ ಪೀಳಿಗೆಯ ಎಲ್‌ಟಿಒ-8ರಲ್ಲಿ 12 ಟಿಬಿ, ಎಲ್‌ಟಿಒ-9ರಲ್ಲಿ 18 ಟಿಬಿ ಹಿಡಿಯುತ್ತದೆ. ಎಲ್‌ಟಿಒ-9ರ ಡ್ರೈವ್ 8ರ ಟೇಪನ್ನು ಓದುತ್ತದೆ, 7ರದ್ದನ್ನು ಓದುವುದಿಲ್ಲ. ಟೇಪ್ ಇದ್ದು ಡ್ರೈವ್ ಇಲ್ಲದ ಸ್ಥಿತಿ ಬರದಂತೆ ನೋಡಿಕೊಳ್ಳಿ.

ಕ್ಷೇತ್ರದ ಸ್ವಂತ ಆರ್ಕೈವ್ ಇದ್ದರೆ ಅದೇ ಮೊದಲ ಆಯ್ಕೆ: ಹರಳಿನ ರಚನೆ ಸಿಸಿಡಿಸಿಗೆ, ಜೀವಿಗಳ ಇರುನೆಲೆ ಜಿಬಿಐಎಫ್‌ಗೆ. ಯಾವುದಕ್ಕೂ ಸೇರದ್ದು ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಝೆನೋಡೊ ಆರ್ಕೈವಿಗೆ ಹೋಗಬಹುದು. ಅಲ್ಲಿ ಒಂದು ದಾಖಲೆಗೆ 50 ಜಿಬಿ ಮಿತಿ, ಡಿಒಐ (ಬದಲಾಗದ ಗುರುತಿನ ಸಂಖ್ಯೆ) ಪುಕ್ಕಟೆ. ಹೆಸರು, ಆಸ್ಪತ್ರೆ ನಂಬರ್ ಇರುವ ಡೇಟಾ ಇಂಥ ಕಡೆ ಹೋಗಕೂಡದು. ಅದು ಎನ್‌ಕ್ರಿಪ್ಟ್ ಆಗಿ ಸಂಸ್ಥೆಯೊಳಗೇ ಇರಲಿ, ಪಾಸ್‌ವರ್ಡ್ ಇಬ್ಬರ ಬಳಿ ಇರಲಿ.

ಪ್ರತಿ ಕಟ್ಟಿಗೂ ಮರುಪರಿಶೀಲನೆಯ ವರ್ಷ ಬರೆಯಿರಿ. ಜವಾಬ್ದಾರಿಯ ಜಾಗದಲ್ಲಿ ವ್ಯಕ್ತಿಯ ಹೆಸರು ಬೇಡ, "ವಿಭಾಗದ ಅಧ್ಯಕ್ಷರು" ಎಂಬಂತೆ ಹುದ್ದೆ ಇರಲಿ. ವರ್ಷಕ್ಕೊಮ್ಮೆ ಡಿಸ್ಕ್ ಹಾಕಿ ಚೆಕ್‌ಸಮ್ ತಾಳೆ ನೋಡಿ, ಹೊಂದದ ಫೈಲನ್ನು ಇನ್ನೊಂದು ಪ್ರತಿಯಿಂದ ತುಂಬಿ. ಮೈನಸ್ 80 ಡಿಗ್ರಿ ಫ್ರೀಜರಿನ ಸ್ಯಾಂಪಲ್ ಡಬ್ಬಿಗಳಿಗೂ ಇದೇ ಪಟ್ಟಿಯಲ್ಲಿ ಸಾಲು ಕೊಡಿ. ಟ್ಯೂಬಿನ ಮೇಲಿನ ನಂಬರ್ ಶೀಟಿನಲ್ಲಿಲ್ಲದಿದ್ದರೆ ಆ ಟ್ಯೂಬ್ ಸುಮ್ಮನೆ ಕರೆಂಟ್ ತಿನ್ನುತ್ತಿದೆ ಅಷ್ಟೆ.

ನೋ ಡ್ಯೂಸ್ ಸಹಿ ಹಾಕುವ ದಿನ ಜೂನಿಯರ್ ಆರ್ಕೈವ್ ಪ್ರತಿಯನ್ನು ಬೇರೆ ಕಂಪ್ಯೂಟರಿಗೆ ಇಳಿಸಿಕೊಂಡು, ಥೀಸಿಸ್‌ನ ಯಾವುದಾದರೂ ಒಂದು ಚಿತ್ರವನ್ನು ಮೊದಲಿಂದ ಮಾಡಿ ತೋರಿಸಲಿ. ಹೊರಡುವವರು ಪಕ್ಕದಲ್ಲಿ ಕೈಕಟ್ಟಿ ಕೂತಿರಲಿ, ಬಾಯಿ ತೆರೆಯಬಾರದು. ಚಿತ್ರ ಬಂದರೆ ಸಹಿ ಹಾಕಿ. ಬರದಿದ್ದರೆ ಎಲ್ಲಿ ಸಿಕ್ಕಿಕೊಂಡಿತು ಎಂದು ರೀಡ್‌ಮೀಗೆ ಸೇರಿಸಿ, ಮರುದಿನ ಇನ್ನೊಮ್ಮೆ ಕೂರಿ.